ಬೆಳಕಿಗೆ ಹೆದರಿ ಮುಚ್ಚಿದ ಲ್ಯಾಪ್‌ಟಾಪ್

ನಾವು ಬೇಡಗ ಹಳ್ಳಿಯ ಮನೆ ಬಿಟ್ಟು ಪಟ್ಟಣದ ವಿಶ್ರಾಮಬಾಗ ಬಡಾವಣೆಯ ಫ್ಲ್ಯಾಟಿಗೆ ಬಂದ ವರ್ಷ, ನಮ್ಮ ಜೈನರ ದಶಲಕ್ಷಣ ಪರ್ವವದು. ಪುಣೆಯಲ್ಲಿ ಸಂಶೋಧನೆ ಮಾಡುವ ಮೊಮ್ಮಗಳು ಸುಪ್ರಿಯಾ ಎರಡು ದಿನಕ್ಕೆ ಬಂದಿದ್ದಳು. ನಾನು ಓದಿದ್ದು ಮೂರನೇ ಇಯತ್ತೆ. ಅವಳ ವಿದ್ಯೆಯ ಹೆಸರು ಹೇಳಲು ಬಾರದಿದ್ದರೂ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಅವಳ ಸುದ್ದಿ ಹೇಳಿಬಿಡುತ್ತಿದ್ದೆ!

ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ತೆರೆದು ಕರೆದಳು. ಕರಿ ಪರದೆಯ ಮೇಲೆ ಜೋಳದ ಬೇರಿನಂಥ ಹಸಿರು ಎಳೆಗಳು ಮೆಲ್ಲಗೆ ಅಲುಗುತ್ತಿದ್ದವು.

"ಆಜಿ, ಇದು ಮನುಷ್ಯಾರ ಮೈಯಾಗಿನ ಒಂದ ಜೀವಕೋಶ. ಪುಣೇದಾಗ ನಮ್ಮ ಮೈಕ್ರೋಸ್ಕೋಪಿನ ಕೆಳಗೈತಿ, ನೆಟ್ಟಿನಾಗ ಇಲ್ಲಿ ಕಾಣಾಕತ್ತೈತಿ. ನಾ ಮಾಡಿದ ಬಣ್ಣ ಅದರೊಳಗ ಹೊಕ್ಕು ಹೊಳ್ಯಾಕತ್ತೈತಿ."

"ಜೀವ ಐತೇನ ಇದಕ್ಕ?"

"ಐತ್ರಿ. ಇಷ್ಟು ಸಣ್ಣ ಎಳಿ ನೋಡಾಕ ಮೊದಲಿನ ಬಣ್ಣಕ್ಕ ಜೋರ ಬೆಳಕು ಬೇಕಾಗ್ತಿತ್ತು. ಪಾಪ, ಸುಟ್ಟು ಸಾಯ್ತಿದ್ದವು. ನನ್ನ ಬಣ್ಣಕ್ಕ ಸಣ್ಣ ಬೆಳಕು ಸಾಕು. ಸಂಜೀತನಕ ಬದುಕಿ ಇದು ಒಂದಿದ್ದದ್ದು ಎರಡಾದ್ರ ನಾ ಗೆದ್ದಂಗ. ಸತ್ರ ಮೂರು ವರ್ಷದ ಕೆಲಸ ಮಣ್ಣು."

ಹೀಗೆ ಹೇಳಿ ತಲೆಸ್ನಾನಕ್ಕೆ ಹೋದಳು.

ನಾವು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಜನ. ಬೇಡಗದಲ್ಲಿ ಆ ಬಟ್ಟೆಯನ್ನು ತಿರುಗಿ ಅದೇ ಬಾವಿಯ ನೀರಿಗೆ ಜಾಲಿಸಿ, ಕಣ್ಣಿಗೆ ಕಾಣದ ಜೀವಗಳನ್ನು ಅವುಗಳ ಮನೆ ಮುಟ್ಟಿಸುತ್ತಿದ್ದೆವು. ಪರ್ವದ ದಿನವೇ ನನ್ನ ಕಣ್ಣೆದುರು ಒಂದು ಜೀವ ಬೆಳಕಿನಲ್ಲಿ ಬೇಯಬೇಕೇ?

ನೋಡನೋಡುತ್ತ ಅದು ಗುಂಡಗೆ ಮುದುಡತೊಡಗಿತು. ಸಾಯುತ್ತಿದೆ ಅನಿಸಿತು. ಕೂಗಿದೆ, ನೀರಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಪರದೆಯ ಬೆಳಕೇ ಅದನ್ನು ಸುಡುತ್ತಿದೆ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿ, ಮೇಲೆ ಸೆರಗು ಹೊದಿಸಿ, ಣಮೋಕಾರ ಮಂತ್ರ ಹೇಳುತ್ತ ಕುಳಿತೆ. ಆಮೇಲೆ ಇನ್ನೊಂದು ಹೆದರಿಕೆ ಹೊಕ್ಕಿತು. ಅವಳ ಮೂರು ವರ್ಷವನ್ನು ನಾನೇ ಕೊಂದೆನೇ? ಅಷ್ಟರಲ್ಲಿ ಅವಳು ಸ್ನಾನ ಮುಗಿಸಿ ಬಂದಳು.

"ಆಜಿ, ಇದೇನ್ ಮಾಡೀರಿ?"

"ಮುದುಡಾಕತ್ತಿತ್ತವಾ. ಬೆಳಕು ತಾಗಬಾರ್ದಂತ ಮುಚ್ಚೇನಿ. ಬೇಕಾದ್ರ ಬಯ್ಯಿ."

"ಅಯ್ಯ, ಮಶೀನ ಅಲ್ಲೈತಿ, ಇಲ್ಲೆ ಮುಚ್ಚಿದ್ರ ಅದಕ್ಕೇನಾಗ್ತೈತಿ?" ಎಂದು ನಗಲು ಹೋದವಳು ತಟ್ಟನೆ ನಿಂತಳು. "ಮುದುಡಿತಂದ್ರಿ? ಸಾಯೂಮುಂದೂ ಮುದುಡ್ತಾವು ಆಜಿ, ಎರಡಾಗೂಮುಂದೂ ಮುದುಡ್ತಾವು."

ತೆರೆದರೆ ನೆಟ್ ಹತ್ತಲಿಲ್ಲ. ಪರದೆಯ ಮೇಲೆ ಬರೀ ಒಂದು ಚಕ್ರ ತಿರುಗುತ್ತಿತ್ತು. ಅವಳ ಒದ್ದೆ ಕೂದಲಿಂದ ನೀರು ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಹೀಗೇ ಒಂದು ತಾಸು ಕುಳಿತೆವು.

ಕೊನೆಗೆ ಪರದೆ ಬೆಳಗಿತು. ಎರಡು! ಅಕ್ಕಪಕ್ಕ, ಒಂದಕ್ಕೊಂದು ತಾಗಿಕೊಂಡು, ಎರಡು ಹಸಿರು ಗುಂಡು!

"ಬದುಕ್ಯಾವ್ರಿ ಆಜಿ!" ಎಂದು ಒದ್ದೆ ತಲೆಯಲ್ಲೇ ನನ್ನ ತೊಡೆಯ ಮೇಲೆ ಬಿದ್ದು ಅತ್ತಳು. ಬಾಣಂತಿ ಮನೆಯಲ್ಲಿ ಕುಳಿತಷ್ಟು ಸಂತೋಷವಾಯಿತು ನನಗೆ.

ಈಗಲೂ ಅವಳ ಫೋನ್ ಬಂದರೆ, "ಉಂಡಿಯೇನ" ಅನ್ನುವ ಮೊದಲು "ಬೆಳಕು ಸಣ್ಣ ಮಾಡಿದಿಯೇನ" ಎಂದೇ ಕೇಳುತ್ತೇನೆ. ಅವಳು ನಗುತ್ತಾಳೆ. ನನಗೆ ಮಾತ್ರ ಆ ಮುದುಡಿದ ಗುಂಡು ನೆನಪಾಗುತ್ತದೆ. ಅವಳು "ಹೂಂರಿ" ಅನ್ನುವವರೆಗೆ ಉಸಿರು ಬಿಡುವುದಿಲ್ಲ.