ಲಿಯೋನಾರ್ಡರ ಮೇಜಿನ ಮೇಲೆ ಎರಡು ಕಟಿಂಗ್ ಪ್ಲೇಯರ್

ಅಡಿಲೇಡಿನ ಕಿಲ್ಬರ್ನಿನಲ್ಲಿ ನನ್ನ ಮಗಳ ಮನೆಯ ಹಿಂದಿನ ಬೀದಿಯಲ್ಲೇ ಲಿಯೋನಾರ್ಡ್ ಮಥಾಯಸರ ಶೆಡ್ ಇದೆ. ಅವರು ಸಾಣೆ ಹಿಡಿದ ಒಂದು ಪ್ಲೇಯರಿನಿಂದ ನಾನು ತಂತಿಯ ನೆರಳನ್ನು ಕತ್ತರಿಸಿದ್ದೇನೆ. ತಂತಿ ಹಾಗೇ ಉಳಿಯಿತು, ನೆರಳು ಮಾತ್ರ ಎರಡು ತುಂಡಾಗಿ ನೆಲಕ್ಕೆ ಬಿತ್ತು. ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ, ನೀವೂ ನಂಬಬೇಕಾಗಿಲ್ಲ. ಆದರೆ ಮುಂದೆ ಹೇಳುವುದನ್ನು ನಂಬಿ. ಅದರಲ್ಲಿ ನಿಜವಾಗಿ ಏನು ನಡೆಯಿತೆಂದು ನನಗೇ ಇನ್ನೂ ಗೊತ್ತಾಗಿಲ್ಲ. ಸುಳ್ಳು ಹೇಳುವವನಿಗಾದರೆ ಎಲ್ಲವೂ ಸ್ಪಷ್ಟವಾಗಿ ಗೊತ್ತಿರುತ್ತದೆ.

ಲಿಯೋನಾರ್ಡ್ ಕರಾವಳಿಯ ಬೆಳ್ಮಣ್ ಕಡೆಯವರು. ಪ್ರಾಯದಲ್ಲಿ ಬಹರೇನಿಗೆ ಹೋಗಿ ಎಲೆಕ್ಟ್ರಿಷಿಯನ್ ಕೆಲಸ ಮಾಡಿದರು. ಅಲ್ಲಿಯ ಸ್ಟೋರ್‌ಕೀಪರ್ ಹೊಸ ಪ್ಲೇಯರ್ ಕೊಡುವುದೆಂದರೆ ತನ್ನ ಕಿಡ್ನಿ ಕೊಟ್ಟಂತೆ ಆಡುತ್ತಿದ್ದನಂತೆ. ಹಾಗಾಗಿ ಹಳೆಯದನ್ನೇ ತಿಕ್ಕಿ, ಉಜ್ಜಿ, ಸಾಣೆ ಹಿಡಿದು ಬಳಸುವುದನ್ನು ಕಲಿತರು. ಅಲ್ಲಿಂದ ಹೆಂಡತಿ ಸೆಲಿನ್, ಒಬ್ಬ ಮಗಳು, ಒಂದು ಸಾಣೆಕಲ್ಲು, ಈ ಮೂರನ್ನೂ ಕಟ್ಟಿಕೊಂಡು ಅಡಿಲೇಡಿಗೆ ಬಂದರು. ನಿವೃತ್ತಿಯಾದ ಮೇಲೆ ಸುತ್ತಮುತ್ತಲ ಎಲೆಕ್ಟ್ರಿಷಿಯನ್‌ಗಳು, ಬೇಲಿ ಹಾಕುವವರು ಎಲ್ಲ ಮೊಂಡು ಪ್ಲೇಯರುಗಳನ್ನು ಅವರ ಶೆಡ್ಡಿಗೆ ತಂದು ಹಾಕತೊಡಗಿದರು.

ಅವರ ಕೆಲಸಕ್ಕೊಂದು ಕ್ರಮವಿತ್ತು. ಪ್ಲೇಯರನ್ನು ಮೊದಲು ಅವರ ಕೈಗೇ ಕೊಡಬೇಕು. ಅಂಗೈಯಲ್ಲಿ ತೂಗಿ, ಅದರ ಬಾಯಿ ತೆರೆದು ಮುಚ್ಚಿ, ಆ ಕ್ಷಣವೇ ಹಿಡಿಗೆ ಒಂದು ಬಣ್ಣದ ವೈರಿನ ಚೂರು ಸುತ್ತುತ್ತಿದ್ದರು. ಕೆಂಪು ಒಬ್ಬರದು, ಹಸಿರು ಇನ್ನೊಬ್ಬರದು. ಆಮೇಲೆ ತುಕ್ಕು ಬಿಡಲು ವಿನೆಗರ್ ಡಬ್ಬಿಗೆ. ಗ್ರೈಂಡರ್ ಮುಟ್ಟಿಸುತ್ತಿರಲಿಲ್ಲ. ಬಿಸಿಗೆ ಉಕ್ಕು ನೀಲಿಯಾದರೆ ಅಲಗು ಮೆತ್ತಗಾಗುತ್ತದೆ ಎಂದು ಸಣ್ಣ ಅರದಲ್ಲಿ ನಿಧಾನವಾಗಿ ಉಜ್ಜುವರು. ಕೊನೆಗೆ ಬಾಯಿ ಮುಚ್ಚಿ ಟ್ಯೂಬ್‌ಲೈಟಿಗೆ ಹಿಡಿದು ನೋಡುವರು. ಎರಡು ಅಲಗುಗಳ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಅರ ಕೈಗೆ. ಬೆಳಕು ತೂರುವ ಪ್ಲೇಯರು ಅವರ ಶೆಡ್ಡಿನಿಂದ ಆಚೆ ಹೋದದ್ದೇ ಇರಲಿಲ್ಲ.

ಇಂಥವರ ಹತ್ತಿರ ನಾನು ಎರಡು ಸಾವಿರದ ಹದಿನಾರರಲ್ಲಿ ನಮ್ಮಣ್ಣ ಶಂಕರಪ್ಪನ ಪ್ಲೇಯರ್ ತೆಗೆದುಕೊಂಡು ಹೋದೆ.

ಅಣ್ಣ ಮೈಸೂರಿನಲ್ಲಿ ಲೈನ್‌ಮನ್ ಆಗಿದ್ದವನು, ತೀರಿಕೊಂಡು ಕೆಲವು ವರ್ಷವಾಗಿತ್ತು. ಅವನ ಮಗ ಕಿರಣ ಪರ್ತಿನ ಮೋರ್ಲಿಯಲ್ಲಿ ಅಂಗಡಿಯೊಂದರ ಮ್ಯಾನೇಜರು. ಕಿರಣನ ಮಗಳು ಕವನಾ ತಾತನ ದಾರಿಯನ್ನೇ ಹಿಡಿದಳು. ಬ್ರಿಸ್ಬೇನಿನಲ್ಲಿ ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆಗಿ ಸೇರಲು ಹೊರಟಿದ್ದಳು. ಕೆಲಸದ ಮೊದಲ ದಿನ ಪೆಟ್ಟಿಗೆಯಲ್ಲಿ ತಾತನ ಪ್ಲೇಯರ್ ಇರಲೇಬೇಕೆಂದು ಹಟ. ನಾನು ಪರ್ತಿಗೆ ಹೋಗಿದ್ದಾಗ ಅದನ್ನು ನನ್ನ ಚೀಲಕ್ಕೆ ಹಾಕಿ ಹೇಳಿದಳು:

"ಚಿಕ್ಕ ತಾತ, ಶಾರ್ಪ್ ಮಾಡಿಸ್ಕೊಂಡು ಬನ್ನಿ. ಆದ್ರೆ ಅಲಗಲ್ಲಿ ಒಂದು ಕಚ್ಚು ಇದೆ ನೋಡಿ, ಅದನ್ನ ಮಾತ್ರ ತೆಗೀಬಾರ್ದು. ಪ್ರಾಮಿಸ್?"

ಆ ಕಚ್ಚು ಅಣ್ಣ ಕರೆಂಟ್ ಇದ್ದ ತಂತಿಯನ್ನು ಗೊತ್ತಿಲ್ಲದೆ ಕತ್ತರಿಸಿದಾಗ ಸುಟ್ಟು ಆದದ್ದು. ಅವತ್ತು ಮೈಸೂರು ಪೂರ್ತಿ ಕತ್ತಲಾಯಿತು, ಮದುವೆ ಮನೆಯೊಂದರಲ್ಲಿ ಕತ್ತಲಲ್ಲಿ ವರ ಯಾರಿಗೋ ತಾಳಿ ಕಟ್ಟಿ, ದೀಪ ಬಂದಾಗ ನೋಡಿದರೆ ನಾದಸ್ವರದವನ ಕೊರಳಲ್ಲಿ ತಾಳಿಯಿತ್ತು ಎಂದು ಕವನಾಳಿಗೆ ಅವಳು ಚಿಕ್ಕವಳಿದ್ದಾಗಿನಿಂದ ಹೇಳಿಕೊಂಡು ಬಂದಿದ್ದೆ. ಕತ್ತಲಾದದ್ದು ನಮ್ಮ ಬೀದಿ ಮಾತ್ರ. ಆದರೂ ಕಚ್ಚು ನಿಜ.

ಲಿಯೋನಾರ್ಡರಿಗೆ ಈ ಮಾತು ಹೇಳಿದಾಗ ಅವರ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು.

"ಕಚ್ಚು ಬಿಟ್ಟು ಸಾಣೆ ಹಿಡಿಯುವುದಾ? ಎಂತ ಮಾರಾಯ್ರೆ! ಹಲ್ಲಿನ ಹುಳುಕು ಬಿಟ್ಟು ಬಾಯಿ ತೊಳೆದ ಹಾಗೆ ಆಯ್ತು ಅದು."

"ಹುಡುಗಿ ಆಸೆ, ಲಿಯೋನಾರ್ಡ್. ನಡೆಸ್ಕೊಡಿ."

"ಆಯ್ತು, ಕೊಡಿ ಇಲ್ಲಿ," ಎಂದು ಕೈ ನೀಡಿದರು.

ನಾನು ಕೊಡಲಿಲ್ಲ. ನಮ್ಮ ಮನೆಯಲ್ಲಿ ಕತ್ತರಿ, ಚಾಕು, ಹರಿತವಾದ ಏನನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ. ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ಹಾಗಾಗಿ ಅವರ ಚಾಚಿದ ಕೈಯನ್ನು ತಪ್ಪಿಸಿ ಪ್ಲೇಯರನ್ನು ಮೇಜಿನ ಮೇಲಿಟ್ಟೆ.

ಅಷ್ಟರಲ್ಲಿ ಸೆಲಿನ್ ಒಳಗಿನಿಂದ ಕೂಗಿದರು. "ಚಾ ಆರ್ತದೆ! ಆ ಕಬ್ಬಿಣ ಎಲ್ಲಿಗೂ ಓಡುವುದಿಲ್ಲ, ಬನ್ನಿ ಇಬ್ಬರೂ!"

ಕಬ್ಬಿಣ ಓಡಲಿಲ್ಲ. ಆದರೆ ಅದೇ ಮೇಜಿನ ಮೇಲೆ, ಅರ್ಧ ಗಂಟೆಗೆ ಮುಂಚೆ, ಪಕ್ಕದ ಮನೆಯ ಕ್ರೇಗ್ ತನ್ನ ಪ್ಲೇಯರನ್ನೂ ಎಸೆದು ಹೋಗಿದ್ದ. ಕ್ರೇಗ್ ಬೇಲಿ ಕಟ್ಟುವವನು. ಯಾವುದೋ ಗ್ಯಾರೇಜ್ ಸೇಲ್‌ನಲ್ಲಿ ಕೊಂಡ ಹಳೆಯ ಪ್ಲೇಯರ್ ಅದು. ಅಣ್ಣನದರಂತೆಯೇ ಎಂಟಿಂಚಿನದು, ಹಿಡಿಯ ಪ್ಲಾಸ್ಟಿಕ್ ಉದುರಿಹೋದದ್ದು, ತುಕ್ಕು ಹಿಡಿದದ್ದು. ಅಲಗಿನಲ್ಲಿ ಅದಕ್ಕೂ ಒಂದು ಕಚ್ಚು. ಕರೆಂಟಿನ ತಂತಿ ಕಚ್ಚಿದ ಪ್ಲೇಯರ್ ಭೂಮಿಯ ಮೇಲೆ ನಮ್ಮಣ್ಣನದೊಂದೇ ಎಂದು ನಾನು ಅದುವರೆಗೂ ತಿಳಿದಿದ್ದೆ.

ಚಾ ಕುಡಿದು ನಾನು ಮನೆಗೆ ಬಂದೆ. ಲಿಯೋನಾರ್ಡ್ ಶೆಡ್ಡಿಗೆ ಹೋಗಿ ಎರಡನ್ನೂ ಒಟ್ಟಿಗೆ ವಿನೆಗರಿಗೆ ಹಾಕಿದರು. ಎರಡೂ ಅವರ ಕೈಗೆ ಬಂದಿರಲಿಲ್ಲ, ಯಾವುದಕ್ಕೂ ಬಣ್ಣದ ವೈರು ಸುತ್ತಿರಲಿಲ್ಲ.

ಆ ವಾರದ ಕೊನೆಗೆ ಹೋದಾಗ ಅವರು ಕಚ್ಚು ಇದ್ದ ಪ್ಲೇಯರನ್ನು ಹೆಮ್ಮೆಯಿಂದ ತೋರಿಸಿದರು. "ನೋಡಿ, ನಿಮ್ಮ ಕಚ್ಚು ಹಾಗೇ ಉಂಟು. ಉಳಿದ ಅಲಗು ಬ್ಲೇಡಿನ ಹಾಗೆ."

ನೋಡಿದೆ. ಕಚ್ಚು ಅಲಗಿನ ತುದಿಯಲ್ಲಿತ್ತು.

"ನಮ್ಮಣ್ಣಂದು ಕೀಲಿನ ಹತ್ರ ಇತ್ತಲ್ವಾ?"

"ನನ್ನತ್ರ ಕೇಳಿದ್ರೆ? ನಿಮ್ಮ ಅಣ್ಣ!"

"ಅಲ್ಲ... ತುದೀಲೇ ಇತ್ತೋ ಏನೋ. ಇನ್ನೊಂದು ತೋರ್ಸಿ."

ಇನ್ನೊಂದರಲ್ಲಿ ಕಚ್ಚೇ ಇರಲಿಲ್ಲ. ವಿನೆಗರಿನಿಂದ ತೆಗೆದಾಗ ಅಂದಾಜಿನ ಮೇಲೆ ಇದೇ ಕ್ರೇಗಿನದು ಎಂದುಕೊಂಡು ಕಚ್ಚನ್ನು ಪೂರ್ತಿ ತೆಗೆದುಬಿಟ್ಟಿದ್ದರು. ಅಲಗು ತಗ್ಗಿದ್ದಕ್ಕೆ ಅದರ ಮುಂದಿನ ಮೂತಿಯನ್ನೂ ಅಷ್ಟೇ ಉಜ್ಜಿ, ಎರಡು ಅಲಗು ಸರಿಯಾಗಿ ಕೂಡುವಂತೆ ಮಾಡಿದ್ದರು. ಟ್ಯೂಬ್‌ಲೈಟಿಗೆ ಹಿಡಿದರೆ ಒಂದು ಚೂರೂ ಬೆಳಕಿಲ್ಲ. ಲಿಯೋನಾರ್ಡರ ಮುಖದಲ್ಲೂ ಇರಲಿಲ್ಲ.

"ಇದರಲ್ಲಿ ಕಚ್ಚು ಎಲ್ಲಿತ್ತು?" ಎಂದು ಕೇಳಿದೆ.

"ಕೀಲಿನ ಹತ್ರ," ಎಂದು ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಗುರುತು ಹಿಡಿಯಲು ಬೇರೆ ಏನಾದರೂ ಇದೆಯೇ ಎಂದು ಯೋಚಿಸಿದೆವು. ಅಣ್ಣ ಅದರಲ್ಲಿ ಅಡಿಕೆ ಒಡೆಯುತ್ತಿದ್ದ, ಪ್ಲೇಯರಿನ ಹಲ್ಲಿನ ಸಂದಿಯಲ್ಲಿ ಕಂದು ಕಲೆಯಿರುತ್ತಿತ್ತು. ಕಲೆಯನ್ನು ವಿನೆಗರ್ ತಿಂದಿತ್ತು. ತೆರೆದರೆ ಕೀಲು ಬೆಕ್ಕಿನ ಮರಿಯಂತೆ ಕೀಚ್ ಎನ್ನುತ್ತಿತ್ತು. ಲಿಯೋನಾರ್ಡ್ ಎಣ್ಣೆ ಬಿಟ್ಟು ಬೆಕ್ಕನ್ನೂ ಓಡಿಸಿದ್ದರು. ಕೆಲಸವನ್ನು ಇನ್ನಷ್ಟು ಕೆಟ್ಟದಾಗಿ ಮಾಡಿದ್ದರೆ ನಮ್ಮಣ್ಣ ಸಿಕ್ಕಿಬಿಡುತ್ತಿದ್ದ.

ಬೇಲಿಯ ಆಚೆಯಿಂದ ಕ್ರೇಗನ್ನು ಕರೆದೆವು. ಎರಡನ್ನೂ ತಿರುಗಿಸಿ ನೋಡಿ ತಲೆ ಕೆರೆದುಕೊಂಡ.

"ಕುಡ್ ಬಿ ದಿಸ್ ಒನ್, ಮೇಟ್. ಕುಡ್ ಬಿ ದಟ್ ಒನ್."

"ಕಚ್ಚು ಎಲ್ಲಿತ್ತು ನೆನಪಿಲ್ಲವಾ?" ಎಂದು ಲಿಯೋನಾರ್ಡ್ ಇಂಗ್ಲಿಷಿನಲ್ಲಿ ಕೇಳಿದರು.

"ಅದಕ್ಕೆ ಕಚ್ಚು ಇತ್ತಾ?" ಎಂದ ಕ್ರೇಗ್.

ಪರ್ತಿಗೆ ಫೋನ್ ಮಾಡಿದೆ. ಕಿರಣ, "ತುದೀಲಿ ಚಿಕ್ಕಪ್ಪಾ, ಗ್ಯಾರಂಟಿ," ಎಂದ. ಹಿಂದಿನಿಂದ ಅವನ ಹೆಂಡತಿ, "ನಿಮ್ಗೇನ್ರೀ ಗೊತ್ತು, ಮಧ್ಯದಲ್ಲಿತ್ತು!" ಎಂದಳು. ಗಂಡ ಹೆಂಡಿರಿಗೆ ಅಲ್ಲೇ ಹತ್ತಿಕೊಂಡಿತು. ಪ್ಲೇಯರನ್ನು ಕೈಗೆ ಕೊಡದಿದ್ದರೂ ಜಗಳ ತಪ್ಪಲಿಲ್ಲ. ಕಿರಣ ಒಂದು ಫೋಟೋ ತೆಗೆದಿದ್ದು ನೆನಪಾಗಿ ಕಳಿಸಿದ. ಅದರಲ್ಲಿ ಪ್ಲೇಯರ್ ಹಿಡಿದು ನಗುತ್ತಿದ್ದವನು ನಾನೇ. ಅಲಗಿನ ಮೇಲೆ ಸರಿಯಾಗಿ ನನ್ನ ಹೆಬ್ಬೆರಳಿತ್ತು.

ಲಿಯೋನಾರ್ಡ್ ಊಟ ಬಿಟ್ಟರು ಎಂದು ಸೆಲಿನ್ ನನ್ನ ಮಗಳ ಹತ್ತಿರ ಹೇಳಿದರಂತೆ. ನಾನು ಸಮಾಧಾನ ಮಾಡಲು ಹೋದೆ.

"ತುದೀದೇ ನಮ್ಮಣ್ಣಂದು ಅಂತ ಕವನಾಗೆ ಹೇಳ್ಬಿಡೋಣ. ಕಚ್ಚು ಇದೆಯಲ್ಲ, ಸಾಕು."

"ಆಗುವುದಿಲ್ಲ," ಎಂದರು ಲಿಯೋನಾರ್ಡ್. "ನೀವು ನೆರಳು ಕತ್ತರಿಸಿದ ಕಥೆ ಹೇಳಿ, ಅಡ್ಡಿ ಇಲ್ಲ. ಇದು ಆ ಹುಡುಗಿ ದಿನಾ ಕೈಯಲ್ಲಿ ಹಿಡಿಯುವ ಸಾಮಾನು. ನಾನು ಎರಡನ್ನೂ ತಕೊಂಡು ಹೋಗಿ ಆದದ್ದು ಹೇಳ್ತೇನೆ. ಬೈದ್ರೆ ಬೈಲಿ."

ಅವರ ಮಗಳು ವೆನೆಸ್ಸಾ ಇರುವುದು ಬ್ರಿಸ್ಬೇನಿನಲ್ಲಿ. ಕ್ರಿಸ್‌ಮಸ್‌ಗೆ ಗಂಡ ಹೆಂಡತಿ ಹೇಗೂ ಹೋಗುವವರಿದ್ದರು, ನಾನೂ ಜೊತೆಗೆ ಹೊರಟೆ. ಎರಡನ್ನೂ ನಾವು ಒಯ್ಯಲು ಕ್ರೇಗ್ ಒಪ್ಪಿದ. ವಿಮಾನದೊಳಗೆ ಬಿಡುವುದಿಲ್ಲವೆಂದು ದೊಡ್ಡ ಸೂಟ್‌ಕೇಸಿನಲ್ಲಿ, ಸೆಲಿನ್ ಮಾಡಿದ ಕ್ರಿಸ್‌ಮಸ್ ತಿಂಡಿ ಕುಸ್ವಾರಿನ ಡಬ್ಬಿಗಳ ನಡುವೆ ಅವನ್ನು ಮಲಗಿಸಿದೆವು. ದಾರಿಯುದ್ದಕ್ಕೂ ಲಿಯೋನಾರ್ಡ್ ತುಟಿ ಅಲ್ಲಾಡಿಸುತ್ತಿದ್ದರು. ಜಪಮಾಲೆ ಎಂದುಕೊಂಡೆ. ಕವನಾಳಿಗೆ ಹೇಳಬೇಕಾದ ಮಾತನ್ನು ಉರು ಹೊಡೆಯುತ್ತಿದ್ದರಂತೆ.

ಆಗಲೇ ಬ್ರಿಸ್ಬೇನಿಗೆ ಬಂದು ನೆಲೆಸಿದ್ದ ಕವನಾ ತನ್ನ ಸಲಕರಣೆ ಪೆಟ್ಟಿಗೆ ಹಿಡಿದು ವೆನೆಸ್ಸಾಳ ಮನೆಯ ವರಾಂಡಕ್ಕೆ ಬಂದಳು. ಲಿಯೋನಾರ್ಡ್ ಎದ್ದು ನಿಂತರು. ಉರು ಹೊಡೆದದ್ದೆಲ್ಲ ಮರೆತು, "ನಿನ್ನ ತಾತನ ಕಚ್ಚು ನಾನು ತೆಗ್ದಿದ್ದೇನೋ ಇಲ್ಲವೋ ನಂಗೆ ಗೊತ್ತಿಲ್ಲ ಮಗಾ," ಎಂದುಬಿಟ್ಟರು.

ಅವಳು ನನ್ನನ್ನು ನೋಡಿದಳು. "ಅಂದ್ರೆ?"

ನಾನು ಎಲ್ಲ ಹೇಳಿದೆ. ಮೇಜು, ಚಾ, ವಿನೆಗರ್, ಹೆಬ್ಬೆರಳು.

"ಕಚ್ಚು ಎಲ್ಲಿತ್ತು ಅಂತ ನಿಂಗಾದ್ರೂ ನೆನಪಿದ್ಯಾ?"

ಕವನಾ ಲಿಯೋನಾರ್ಡರ ಕೈಯಲ್ಲಿದ್ದ ಎರಡನ್ನೂ ಬಗ್ಗಿ ನೋಡಿದಳು. "ಓ ಮೈ ಗಾಡ್. ಐ ಡೋಂಟ್ ನೋ. ಕಥೆ ನೆನಪಿದೆ. ನಾದಸ್ವರದವನು, ತಾಳಿ..."

ಲಿಯೋನಾರ್ಡ್ ನನ್ನತ್ತ ತಿರುಗಿ ನೋಡಿದ ನೋಟದಲ್ಲಿ ಗ್ರೈಂಡರಿನಷ್ಟು ಬಿಸಿಯಿತ್ತು.

ಅವರು ಎರಡು ಪ್ಲೇಯರನ್ನೂ ಅವಳತ್ತ ಚಾಚಿದರು. ನಾನು ಅಭ್ಯಾಸಬಲದಿಂದ, "ಕೈಗೆ ಕೊಡ್ಬೇಡಿ, ಕೆಳಗಿಡಿ!" ಎಂದೆ.

"ನಿಮ್ಮ ಆ ಕೆಳಗಿಡುವುದರಿಂದಲೇ ಇಷ್ಟೆಲ್ಲ ಆದದ್ದು ಮಾರಾಯ್ರೆ! ಹಿಡಿ ಮಗಾ," ಎಂದು ಅವಳ ಅಂಗೈಗಳಲ್ಲೇ ಒತ್ತಿದರು.

ಅವಳು ಪೆಟ್ಟಿಗೆಯಿಂದ ಹೊಸ ವೈರಿನ ತುಂಡೊಂದನ್ನು ತೆಗೆದಳು. ಕಚ್ಚು ಇದ್ದದ್ದರಲ್ಲಿ ಕತ್ತರಿಸಿದಳು. ಒಂದು ಎಳೆ ತುಂಡಾಗದೆ ಕಚ್ಚಿನಲ್ಲೇ ಜೋತುಬಿತ್ತು. ಇನ್ನೊಂದರಲ್ಲಿ ಕತ್ತರಿಸಿದಳು. ಟಕ್. ಮತ್ತೊಮ್ಮೆ ಟಕ್. ಅದನ್ನು ಕೈ ಬದಲಿಸಿ ಹಿಡಿದಳು, ಮೂಸಿದಳು, ಇನ್ನೊಂದನ್ನೂ ಮೂಸಿದಳು.

"ಇದು ತಾತಂದು," ಎಂದಳು. ಕಚ್ಚು ಇಲ್ಲದ್ದು.

"ಹೇಗೆ ಗೊತ್ತಾಯ್ತು?"

"ಗೊತ್ತಾಗ್ಲಿಲ್ಲ. ಆದ್ರೆ ತುಂಡಾಗ್ದೆ ಇರೋದನ್ನ ತಾತ ಇಟ್ಕೊಳ್ತಿದ್ರಾ?"

ಇಟ್ಟುಕೊಂಡಿದ್ದನಲ್ಲ, ರಿಟೈರ್ ಆಗುವವರೆಗೂ ಕಚ್ಚು ತಪ್ಪಿಸಿ ಕತ್ತರಿಸುತ್ತಿದ್ದನಲ್ಲ ಎಂದು ಹೇಳಲು ಹೊರಟವನು ಸುಮ್ಮನಿರಿ ಎಂಬಂತಿದ್ದ ಸೆಲಿನ್ ಮುಖ ನೋಡಿ ಕುಸ್ವಾರ್ ಬಾಯಿಗೆ ಹಾಕಿಕೊಂಡೆ. ಲಿಯೋನಾರ್ಡ್ ಮಾತ್ರ ಅವಳಿಗೆ, ಇದರ ಹಿಡಿಗೆ ಇನ್ಸುಲೇಷನ್ ಇಲ್ಲ, ಕರೆಂಟ್ ಆಫ್ ಆದದ್ದನ್ನು ನೋಡದೆ ಇದನ್ನು ಮುಟ್ಟಬಾರದು ಎಂದು ಬೆರಳೆತ್ತಿ ಹೇಳಿದರು. ಆ ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡರು.

ಕಚ್ಚು ಇದ್ದ ಪ್ಲೇಯರ್ ಅಡಿಲೇಡಿಗೆ ವಾಪಸಾಯಿತು. ಲಿಯೋನಾರ್ಡ್ ಕ್ರೇಗಿಗೆ ವಿಷಯ ತಿಳಿಸಿ, "ಇದರ ಕಚ್ಚೂ ತೆಗೆದು ಕೊಡ್ತೇನೆ," ಎಂದರು. ಕ್ರೇಗ್ ಅದನ್ನು ಕಸಿದುಕೊಂಡ.

"ನೋ ವೇ! ಇದು ಆ ಲೈನ್‌ಮನ್‌ದೇ ಆಗಿದ್ರೆ?"

ಅಂದಿನಿಂದ ಅದು ಅವನ ಬೆಲ್ಟಿನಲ್ಲಿದೆ. ಬೇಲಿ ತಂತಿಯ ಎಳೆ ತುಂಡಾಗದೆ ಜೋತುಬಿದ್ದಾಗಲೆಲ್ಲ ಕೆಲಸದವರಿಗೆ ಕಚ್ಚು ತೋರಿಸಿ ಕಥೆ ಹೇಳುತ್ತಾನಂತೆ. ಇಂಡಿಯಾದಲ್ಲಿ ಒಬ್ಬ ಲೈನ್‌ಮನ್ ಇದರಿಂದ ತಂತಿ ಕತ್ತರಿಸಿದಾಗ ಅರ್ಧ ದೇಶ ಕತ್ತಲಾಯಿತು, ಮದುಮಗ ಹೋಗಿ ಒಂದು ಆನೆಗೆ ತಾಳಿ ಕಟ್ಟಿದ ಎಂದು. ನಾನು ಆನೆಯ ಮಾತೇ ಎತ್ತಿರಲಿಲ್ಲ.

ಕ್ರೇಗ್ ಹಿತ್ತಲಿನಲ್ಲಿ ಮಾಂಸ ಸುಡುವ ಬಾರ್ಬಿಗೆ ನಮ್ಮನ್ನು ಕರೆದಾಗಲೆಲ್ಲ ಲಿಯೋನಾರ್ಡ್ ಸುಮ್ಮನೆ ನೋಡಲೆಂದು ಆ ಪ್ಲೇಯರ್ ಕೇಳುತ್ತಾರೆ. ಕ್ರೇಗ್ ಕೈಗೇ ಕೊಡುತ್ತಾನೆ. ಇವರು ಅದರ ಬಾಯಿ ಮುಚ್ಚಿ ಬಿಸಿಲಿಗೆ ಹಿಡಿಯುತ್ತಾರೆ. ಕಚ್ಚಿನಿಂದ ಕಡಲೆಕಾಳಿನಷ್ಟು ಬೆಳಕು ತೂರಿ ಇವರ ಕೆನ್ನೆಯ ಮೇಲೆ ಬೀಳುತ್ತದೆ. ಇವರ ಜೇಬಿನಲ್ಲಿ ಸಣ್ಣ ಅರ ಇರುವುದು ನನಗೆ ಗೊತ್ತು. ಕ್ರೇಗಿಗೂ ಗೊತ್ತು, ಪ್ಲೇಯರ್ ವಾಪಸು ಬರುವವರೆಗೆ ಅವನು ಸಾಸೇಜ್ ತಿರುಗಿಸುವುದಿಲ್ಲ.