ಮಬ್ಬು ಬಿಯರಿನಲ್ಲಿ ಬೆಣ್ಣೆ ಕಾಸಿದ ವಾಸನೆ

ನಿನ್ನೆ ಸಂಜೆ ಬಾಗಲಕೋಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಬಿಯರಿನ ಡಬ್ಬಿಯೊಂದನ್ನು ತೆರೆದೆ. ಪುಣೆಯಿಂದ ಬಂದಿದ್ದ ಗೆಳತಿ ಬಿಟ್ಟುಹೋದದ್ದು. ಹೇಜಿ ಐಪಿಎ ಎನ್ನುತ್ತಾರೆ. ಸೋಸದೆ ಹಾಗೇ ತುಂಬಿರುತ್ತಾರೆ, ಲೋಟಕ್ಕೆ ಸುರಿದರೆ ಮೋಸಂಬಿ ರಸದಂತೆ ಮಬ್ಬಾಗಿ ನಿಲ್ಲುತ್ತದೆ. ತಿಂದದ್ದಕ್ಕೂ ಕುಡಿದದ್ದಕ್ಕೂ ತಾರೀಖು ಹಾಕಿ ಅಂಕ ಕೊಡುವ ಅಭ್ಯಾಸ ನನಗೆ. ದಿನಚರಿಯಲ್ಲಿ ಬಣ್ಣ, ವಾಸನೆ, ರುಚಿ ಎಂದು ಗೆರೆ ಎಳೆದುಕೊಂಡೆ. ಬಣ್ಣಕ್ಕೆ ಹತ್ತಕ್ಕೆ ಎಂಟು. ಲೋಟದ ಬಾಯಿಗೆ ಅಂಗೈ ಮುಚ್ಚಿ, ಒಮ್ಮೆ ಅಲುಗಿಸಿ, ಮೂಗಿನ ಹತ್ತಿರ ತಂದೆ. ಪೇರಲ ಹಣ್ಣಿನ ವಾಸನೆ.

ಬೆನ್ನ ಹಿಂದೆ ಯಾರೋ "ಮತ್ತ?" ಎಂದ ಹಾಗಾಯಿತು...

ಬಾದಾಮಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಹಾಗೆ ಕೇಳುತ್ತಿದ್ದರು. ಪುಣೆಯಲ್ಲಿ ಬಿಯರು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸವಿತ್ತು. ತಯಾರಾದದ್ದನ್ನು ಮೂಸಿ, ರುಚಿ ನೋಡಿ, ಹೊರಗೆ ಬಿಡಬಹುದೋ ಬೇಡವೋ ಎಂದು ಹೇಳುವ ಕೆಲಸ. ಕೊರೊನಾ ಕಾಲದಲ್ಲಿ ಅವರಿಗೂ ಜ್ವರ ಬಂತು. ಜ್ವರ ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಊರಿಗೆ ಬಂದವರು ಓಣಿಯವರಿಗೆ ರಜೆ ಎಂದರು. ಹೆಂಡತಿಗೆ, ನಮ್ಮ ಕಾಕುಗೆ, ಮೂಗು ಸರಿಹೋಗಿದೆ ಎಂದರು. ಊಟಕ್ಕೆ ಕುಳಿತಾಗ ಸಾರಿನ ಬಟ್ಟಲು ಮೂಗಿಗೆ ಹಿಡಿದು, ಘಮಘಮ ಅನ್ನುತ್ತಿದೆ ಎಂದು ಹೊಗಳುತ್ತಿದ್ದರಂತೆ.

ಗುಹೆ ನೋಡಲು ಬರುತ್ತಿದ್ದ ಪರಿಚಯದವರ ಕಾರಿನಲ್ಲಿ ಕಾರ್ಖಾನೆಯ ಮಾಲೀಕರು ಒಂದು ಸಲ ನಾಲ್ಕು ಡಬ್ಬಿ ಕಳಿಸಿದರು. ನಾಲ್ಕೂ ಈ ಮಬ್ಬು ಬಿಯರೇ. ಒಂದೊಂದರ ಗುಣದೋಷವನ್ನು ಫೋನಿನಲ್ಲಿ ಸರಿಯಾಗಿ ಹೇಳಿದರೆ ಕೆಲಸ ಮತ್ತೆ ಕಾಕಾನದು.

ಅಂದು ಮಧ್ಯಾಹ್ನ ನನ್ನನ್ನು ಮಾಳಿಗೆಯ ಮೇಲೆ ಕರೆದರು. ನಾನಾಗ ಕಾಲೇಜು ಓದುತ್ತಿದ್ದೆ.

"ಯವ್ವಾ, ನನ್ನ ಮೂಗು ಸತ್ತೈತಿ. ನಿನ್ನ ಮೂಗು ಒಂದೀಟು ಕಡಾ ಕೊಡು," ಎಂದರು. "ಕುಡಿಬ್ಯಾಡ ಮತ್ತ, ಮೂಸು ಸಾಕು. ನಿಮ್ಮವ್ವ ನನ್ನ ಚರ್ಮ ಸುಲಿತಾಳ."

ಎದುರಿನ ಗೋಡೆಯ ಮೇಲೆ ಮಂಗಗಳು ಡಬ್ಬಿಗಳ ಮೇಲೆ ಕಣ್ಣಿಟ್ಟು ಕುಳಿತಿದ್ದವು. ಅಂಗೈ ಮುಚ್ಚಿ ಅಲುಗಿಸುವುದನ್ನು ಕಾಕಾ ಕಲಿಸಿದರು. ಮೂಗು ದಣಿದರೆ ನಮ್ಮದೇ ಮೊಣಕೈಯನ್ನು ಮೂಸಬೇಕು, ಆಗ ಅದು ಮತ್ತೆ ಚುರುಕಾಗುತ್ತದೆ ಎಂದರು. ನಾನು ಪೇರಲ ಎಂದೆ. "ಮತ್ತ?" ಚೀಪಿ ಒಗೆದ ಮಾವಿನ ಗೊರಟ. "ಮತ್ತ?" ಲಿಂಬೆ ಸಿಪ್ಪೆ, ಹಸಿ ಮೇವು... ಅವರು ಕಣ್ಣು ಮುಚ್ಚಿಕೊಂಡು, ನನ್ನ ಮಾತನ್ನೇ ಬಾಯಲ್ಲಿಟ್ಟು ಚೀಪುವವರಂತೆ ಕೇಳುತ್ತಿದ್ದರು.

ಕಡೆಯ ಡಬ್ಬಿಗೆ ನಾನು ಹಿಗ್ಗಿದೆ. "ಬೆಣ್ಣಿ ಕಾಸಿದಂಗ ಬರಾಕತ್ತೈತಿ, ಕಾಕಾ. ಇದಕ್ಕ ಹತ್ತಕ್ಕ ಹತ್ತು."

ಕಾಕಾ ಕಣ್ಣು ತೆರೆದರು. ನಮ್ಮ ಮನೆಗಳಲ್ಲಿ ಬೆಣ್ಣೆ ಕಾಸಿ, ಕೊನೆಗೊಂದು ವೀಳ್ಯದೆಲೆ ಹಾಕಿ ಇಳಿಸಿದರೆ ಓಣಿಯೆಲ್ಲ ಘಮ್ಮೆನ್ನುತ್ತದೆ. ಅದಕ್ಕಿಂತ ಒಳ್ಳೆಯ ವಾಸನೆ ನನಗೆ ಗೊತ್ತಿರಲಿಲ್ಲ. ಬಿಯರಿನಲ್ಲಿ ಅದೇ ದೋಷವಂತೆ. ಹುಳಿಸುವಾಗ ಆತುರ ಮಾಡಿದರೆ ಉಳಿದುಬಿಡುವ ದೋಷ. ಪರೀಕ್ಷೆಗೆಂದೇ ಮಾಲೀಕರು ಕೆಟ್ಟ ಡಬ್ಬಿಯೊಂದನ್ನು ಸೇರಿಸಿರಬೇಕು. ಆದರೆ ನಾವು ಕುಳಿತಲ್ಲೇ ಕಾಕುವಿನ ಅಡುಗೆಮನೆಯ ಬೆಳಕಿಂಡಿ ಇತ್ತು. ವಾಸನೆ ಲೋಟದ್ದೋ, ಕೆಳಗಿನ ಒಲೆಯದೋ ಎಂದು ಕಾಕಾ ಕೇಳಿದರು. ನನಗೆ ಹೇಳಲಾಗಲಿಲ್ಲ. ಅವರು ನೋಡಿಬರಲು ಕೆಳಗಿಳಿದರು.

ಬೆಳಕಿಂಡಿಯಲ್ಲಿ ನಾನು ಇಣುಕಿದೆ. ಕಾಕು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಬೆಣ್ಣೆ ಕಾಸುತ್ತಿದ್ದೀಯೇನು ಎಂದು ಕಾಕಾ ಕೇಳಿದರು. ಕಾಕು ತಣ್ಣಗಿದ್ದ ಒಲೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ಒಲಿ ಹಚ್ಚಿಲ್ರಿ," ಎಂದರು. ಆಮೇಲೆ ಮೊರದಿಂದ ತಲೆಯೆತ್ತದೆ, "ಮೊನ್ನಿ ಹಾಲು ತಳಾ ಹತ್ತಿದಾಗ ಬಾಜೂಕ ಕುಂತಿದ್ರಿ. ಏಳಲಿಲ್ಲ. ಆವತ್ತ ತಿಳೀತು ನನಗ."

ಕಾಕಾ ಮೇಲೆ ಬಂದು ನನ್ನೆದುರಿಗೇ ಪುಣೆಗೆ ಫೋನು ಹಚ್ಚಿದರು. ಪೇರಲ, ಗೊರಟ, ಲಿಂಬೆ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದರು. ಕಡೆಯ ಡಬ್ಬಿ ಕೆಟ್ಟಿದೆ ಎಂದರು. ಆ ಕಡೆಯವರು ಖುಷಿಯಿಂದ ನಕ್ಕದ್ದು ನನಗೂ ಕೇಳಿಸಿತು. ಕೆಲಸ ಕೈಗೆ ಬಂದಿತ್ತು. ಆಗ ಕಾಕಾ, ಇದನ್ನು ಹಿಡಿದದ್ದು ತಮ್ಮ ಮೂಗಲ್ಲ ಎಂದುಬಿಟ್ಟರು. ಆ ಕಡೆಯ ನಗು ನಿಂತಿತು.

ಯಾಕೆ ಹೇಳಿದಿರಿ ಎಂದು ಕೇಳಿದೆ.

"ಇಲ್ಲಿ ನೀ ಇದ್ದಿ, ಯವ್ವಾ. ಅಲ್ಲಿ ಯಾರನ್ನ ಕೇಳ್ಲಿ?"

ಆಮೇಲೆ ಅವರು ಬಸ್ ನಿಲ್ದಾಣದ ಹತ್ತಿರ ಲಾಡ್ಜೊಂದರ ಕೌಂಟರಿಗೆ ಕುಳಿತರು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ, ಇವತ್ತು ಏನು ವಾಸನೆ ಎಂದು ಕೇಳುತ್ತಿದ್ದರು. ಮಿರ್ಚಿ ಕರಿಯುತ್ತಿದ್ದಾರೆ, ಯಾರೋ ಸೇವಂತಿಗೆ ಮುಡಿದು ಹೋದರು, ಗಟಾರ ನಾರುತ್ತಿದೆ... ಗಟಾರವೆಂದರೂ "ಮತ್ತ?" ಎನ್ನುತ್ತಿದ್ದರು.

ಕಳೆದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಹೋದಾಗ ಕಾಕು ನನ್ನ ಕೈ ಹಿಡಿದು ಒಂದು ಮಾತು ಹೇಳಿದರು. ಆ ದಿನ ಬೆಳಗ್ಗೆ ಹಾಸಿಗೆಯಲ್ಲಿದ್ದವರು, ಬೆಣ್ಣೆ ಕಾಸುತ್ತಿದ್ದೀಯೇನು ಎಂದು ಕೇಳಿದರಂತೆ. ಒಲೆ ಹಚ್ಚಿರಲಿಲ್ಲ. "ಹೂನ್ರಿ, ಕಾಸಾಕತ್ತೇನಿ ಅಂದೆ," ಎಂದರು ಕಾಕು. "ಖರೇನ ವಾಸನಿ ಬಂದಿತ್ತೇನು ಅವರಿಗ?"

ನನ್ನ ಮೂಗಿಗೆ ಅದು ಗೊತ್ತಿರಬಹುದು ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದರು...

ನಿನ್ನೆ ಪೇರಲ ಬಂತು, ಗೊರಟ ಬಂತು. ಕಡೆಗೆ, ತೆಳ್ಳಗೆ, ಬೆಣ್ಣೆ. ಮೊಣಕೈ ಮೂಸಿ ಮತ್ತೆ ನೋಡಿದೆ. ಅದೇ. ಎದ್ದುಹೋಗಿ ಅಡುಗೆ ಕಟ್ಟೆ ನೋಡಿದೆ, ಒಲೆ ತಣ್ಣಗಿತ್ತು. ಹಾಗಾದರೆ ಡಬ್ಬಿಯದೇ ದೋಷ, ಅಂಕ ಕಳೆಯಬೇಕು. ಪೆನ್ನು ಹಿಡಿದು ಕುಳಿತೆ, ಬರೆಯಲಾಗಲಿಲ್ಲ.

"ಬೆಣ್ಣಿ, ಕಾಕಾ," ಎಂದೆ ಸಣ್ಣ ದನಿಯಲ್ಲಿ.

ಈ ಸಲ ಯಾರೂ "ಮತ್ತ?" ಎನ್ನಲಿಲ್ಲ.