ಸಿಗ್ನಲ್‌ನಲ್ಲಿ ಬಿಟ್ಟು ಬಂದ ಭಾವ

ಕಳೆದ ಭಾನುವಾರ ನನ್ನ ಸ್ವಂತ ಭಾವನನ್ನು ‘ಇವರು ಯಾರೋ ಗೊತ್ತಿಲ್ಲ’ ಎಂದುಬಿಟ್ಟೆ.

ಅಕ್ಕ ಮದುವೆಯಾಗಿ ಚೆನ್ನೈ ಸೇರಿ ಮೂವತ್ತು ವರ್ಷವಾಯಿತು. ಭಾವ ಅಲ್ಲೇ ಹುಟ್ಟಿ ಬೆಳೆದವರು. ಕನ್ನಡ ಕಲಿತದ್ದು ಅಕ್ಕನಿಂದ. ಇಬ್ಬರೂ ಬಸವೇಶ್ವರನಗರದ ನಮ್ಮ ಮನೆಗೆ ಬಂದಿದ್ದರು. ಅಂದೇ ಸಂಜೆ ಇಲ್ಲಿ ಬೆಂಗಳೂರು–ಚೆನ್ನೈ ಕ್ರಿಕೆಟ್ ಮ್ಯಾಚ್. ಮಧ್ಯಾಹ್ನ ವಿಜಯನಗರಕ್ಕೆ ಹಣ್ಣು ತರಲು ಹೊರಟರೆ, ಭಾವ ಚೆನ್ನೈ ತಂಡದ ಹಳದಿ ಜೆರ್ಸಿ ತೊಟ್ಟು ಬಂದು ಸ್ಕೂಟರ್ ಹತ್ತಿದರು!

“ಇವತ್ತು ಬೇಡ ಭಾವ, ಬೇರೆ ಶರ್ಟ್ ಹಾಕ್ಕೊಳ್ಳಿ.”

“ಬರೀ ಆಟ ಕಣೋ!” ಎಂದು ನಕ್ಕರು.

ವಾಪಸ್ ಬರುವಾಗ ಸಿಗ್ನಲ್ ಬಿತ್ತು. ಹಿಂದಿನಿಂದ ಹದಿನೈದಿಪ್ಪತ್ತು ಬೈಕುಗಳು. ಕೆಂಪು ಜೆರ್ಸಿ, ಬಾವುಟ, ಪೀಪಿ. ನೋಡನೋಡುತ್ತಲೇ ಸುತ್ತುವರಿದರು.

“ಅಂಕಲ್, ರಾಂಗ್ ಏರಿಯಾ!” ಮೊದಲು ಬರೀ ನಗು. (ನಾನೂ ನಕ್ಕೆ.) ಆಮೇಲೆ ಒಬ್ಬ ಸ್ಕೂಟರಿನ ಕೀ ಕಿತ್ತುಕೊಂಡ. ಇನ್ನೊಬ್ಬ ಭಾವನ ಕಾಲರ್‌ಗೆ ಕೈ ಹಾಕಿದ. “ಬಿಚ್ಸು ಮಗಾ, ಬಿಚ್ಸು!”

ಈಗ ಯಾರೂ ನಗುತ್ತಿರಲಿಲ್ಲ. ಯಾರೋ ಹಿಂದಿನಿಂದ ಸ್ಕೂಟರ್ ಅಲ್ಲಾಡಿಸಿದರು. ಪಕ್ಕದ ಕಾರಿನವರು ಗಾಜು ಏರಿಸಿಕೊಂಡರು. ಪೊಲೀಸರು? ಎಲ್ಲೂ ಕಾಣಲಿಲ್ಲ.

ಕೀ ಹಿಡಿದಿದ್ದವನು ನನ್ನ ಮುಖದ ಹತ್ತಿರಕ್ಕೇ ಬಂದ. “ನೀವು ನಮ್ಮೋರ್ ತಾನೆ ಸಾರ್? ಇವ್ರ್ಯಾರು?”

“ಗೊತ್ತಿಲ್ಲಪ್ಪ. ಯಾರೋ ಡ್ರಾಪ್ ಕೇಳಿದ್ರು.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಭಾವ ಮೆಲ್ಲಗೆ ಇಳಿದರು. “ಥ್ಯಾಂಕ್ಸ್ ಸಾರ್, ಇಲ್ಲಿಂದ ನಡ್ಕೊಂಡ್ ಹೋಗ್ತೀನಿ” ಎಂದರು.

ನನಗೆ. ಸಾರ್ ಎಂದು.

ಕೀ ಕೈಗೆ ಬಂತು. ಸಿಗ್ನಲ್ ಹಸಿರಾಯಿತು. ನಾನು ಹೊರಟೇಬಿಟ್ಟೆ.

ಕನ್ನಡಿಯಲ್ಲಿ ಕೆಂಪು ಬಿಟ್ಟು ಬೇರೇನೂ ಕಾಣಲಿಲ್ಲ. ಹೊಡೆದುಬಿಟ್ಟರೆ? ಅಕ್ಕನಿಗೆ ಏನು ಹೇಳಲಿ? ಹಿಂದೊಮ್ಮೆ ಚೆನ್ನೈ ಸ್ಟೇಡಿಯಂ ಹೊರಗೆ ನನ್ನ ಕೆಂಪು ಟೀ ಶರ್ಟ್ ನೋಡಿ ನಾಲ್ಕೈದು ಜನ ಅಡ್ಡಗಟ್ಟಿದ್ದರು. ಆಗ ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಇವನು ನನ್ನ ಹೆಂಡತಿಯ ತಮ್ಮ’ ಎಂದು ತಮಿಳಿನಲ್ಲಿ ಗದರಿಸಿದ್ದರು. ಈ ನೆನಪು ಬರಬೇಕಾದ ಹೊತ್ತಿಗೆ ಯಾಕೆ ಬರಲಿಲ್ಲ?

ಯೂ ಟರ್ನ್ ಹೊಡೆದು ಬಂದೆ. ಬೈಕುಗಳು ಹೋಗಿದ್ದವು. ಬೇಕರಿಯೊಂದರ ಮುಂದೆ ಭಾವ ಬನಿಯನ್ನಿನಲ್ಲಿ ನಿಂತಿದ್ದರು. ಕುತ್ತಿಗೆಯ ಮೇಲೆ ಉಗುರಿನ ಗೀರು.

“ಏನೂ ಆಗಿಲ್ಲ, ನಡಿ” ಎಂದರು.

ಮನೆಯಲ್ಲಿ ಅಕ್ಕ ಗಾಬರಿಯಾದಳು. “ಜೆರ್ಸಿ ಮೇಲೆ ಜ್ಯೂಸ್ ಚೆಲ್ಕೊಂಡೆ, ಬಿಸಾಕ್ದೆ” ಎಂದುಬಿಟ್ಟರು ಭಾವ. ನಾನು ಕ್ಷಮಿಸಿ ಎನ್ನದೆ ಹಣ್ಣಿನ ಚೀಲ ಹಿಡಿದು ಒಳಗೆ ಹೋದೆ.

ಬೆಂಗಳೂರಿನವರು ಮೆದು ಜನ ಎಂದು ಚೆನ್ನೈಗೆ ಹೋದಾಗಲೆಲ್ಲ ಕೊಚ್ಚಿಕೊಂಡವನು ನಾನು. ಆ ಯುವಕರು ಕೂಗುತ್ತಿದ್ದುದನ್ನೇ ಟಿವಿ ಮುಂದೆ ಕೂತು ನಾನೂ ಕೂಗುತ್ತೇನೆ. ಈಗ ಬೈಕುಗಳ ಸದ್ದು ಕೇಳಿದರೂ ಸ್ಕೂಟರನ್ನು ಬದಿಗೆ ತಿರುಗಿಸುತ್ತೇನೆ.

ಇನ್ನೊಮ್ಮೆ ನನ್ನ ಸ್ಕೂಟರಿನಲ್ಲಿ ಕೂರುವಾಗ ಭಾವ ಯಾರಿಗೆ ಹೆದರಬೇಕು, ಆ ಯುವಕರಿಗೋ, ನನಗೋ?